ಕಾಯುವವರಿಗೊಂದು ಬೆಂಚು

ಬೆಂಚಿನ ಒಂದು ಕಾಲು ಗಿಡ್ಡ ಎನ್ನುವುದು ಅದನ್ನು ತಂದ ದಿನವೇ ಅವನಿಗೆ ತಿಳಿದಿತ್ತು. ತಿಳಿಯಲು ಕಾರಣ, ಅದರ ಮೇಲೆ ಕೂತವನು ಅವನೊಬ್ಬನೇ. ಐದು ಜನ ಒತ್ತಾಗಿ ಕೂರಬಹುದು, ಸಣಕಲು ಜನವಾದರೆ ಆರು, ಎಂದು ಬಡಗಿ ಹೇಳಿದ್ದ. ಬರುವವರು ಸಣಕಲು ಜನವೇ ಎಂದು ಇವನು ಗಂಭೀರವಾಗಿ ಉತ್ತರ ಕೊಟ್ಟಿದ್ದ. ಏಳು ತಿಂಗಳಾಯಿತು. ಬೆಂಚು ಜಗಲಿಯ ಮೇಲೆ ಬೀದಿಗೆ ಮುಖಮಾಡಿ ನಿಂತಿದೆ, ಜನ ಬೀದಿಯಲ್ಲಿ ಹೋಗುತ್ತಾರೆ, ಬರುತ್ತಾರೆ, ಒಬ್ಬರಿಗೂ ಅವನ ಜಗಲಿ ಹತ್ತುವ ಕೆಲಸವಿಲ್ಲ. ಹೆಂಡತಿ ಅದರ ಮೇಲೆ ಮೆಣಸಿನಕಾಯಿ ಒಣಗಹಾಕುತ್ತಾಳೆ. ಆ ದಿನ ಬೆಳಿಗ್ಗೆ ಅವನು ಮೆಣಸಿನಕಾಯಿಯನ್ನೆಲ್ಲ ಗೋಣಿಗೆ ಬಳಿದುಹಾಕಿ, ಒದ್ದೆ ಬಟ್ಟೆಯಿಂದ ಬೆಂಚನ್ನು ಮೂರು ಸಲ ಒರೆಸಿ, ಗಿಡ್ಡ ಕಾಲಿನ ಕೆಳಗೆ ಒಂದು ಹೆಂಚಿನ ಚೂರು ತುರುಕಿದ. ಆಮೇಲೆ ಬೆವರು ಒರೆಸಿಕೊಳ್ಳಲು ಹೋಗಿ, ಕೈಗೆ ಖಾರ ಮೆತ್ತಿರುವುದು ಮರೆತು, ಬಲಗಣ್ಣು ಉಜ್ಜಿಕೊಂಡ. ಹಾಗಾಗಿ ಜೀವನದಲ್ಲಿ ಯಾರೆದುರೂ ಅಳದ ಮನುಷ್ಯ ಅಂದು ಇಡೀ ಊರಿಗೆ ಒಂದು ಕಣ್ಣಿನಲ್ಲಿ ಅಳುತ್ತಾ ಕಾಣಿಸಿಕೊಂಡ.

"ಏನ್ರೀ, ಬೆಂಚಿಗೆ ಸ್ನಾನ ಮಾಡಿಸ್ತಿದೀರಾ?" ಎಂದಳು ಹೆಂಡತಿ, ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲಿ ನಿಂತು. "ನಿಮ್ಮದಾಯ್ತಾ?"

"ಹಣ ಹಾಕಿದ್ರಲ್ಲ, ಆ ಆಫೀಸಿನಿಂದ ಬರ್ತಾರೆ ಇವತ್ತು. ನನ್ನ ಅಭಿಪ್ರಾಯ ಬೇಕಂತೆ."

"ಅಭಿಪ್ರಾಯಾನಾ? ಮನೇಲಿ ಕಾಳಿನ ಡಬ್ಬಿ ಖಾಲಿ. ಅಭಿಪ್ರಾಯ ಎಷ್ಟು ಬೇಕಾದ್ರೂ ಇದೆ, ಕೊಟ್ಟು ಕಳಿಸಿ."

ಕಣ್ಣಿನ ಪೊರೆ ತೆಗೆಸಿಕೊಂಡಮೇಲೆ ಇವಳ ನಾಲಿಗೆಗೂ ಏನೋ ಮಾಡಿ ಕಳಿಸಿದ್ದಾರೆ ಎಂದು ಅವನಿಗೆ ಅನುಮಾನ. ತನ್ನ ಪಾಲಿನ ಹಣ ಫೋನಿಗೆ ಬಂದ ವಾರವೇ ಅವಳು ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿದ್ದಳು. ಅಪ್ಪಣೆ ಕೇಳಿರಲಿಲ್ಲ, ಸಂಜೆ ಬರುತ್ತೇನೆ ಎಂದಷ್ಟೇ ಹೇಳಿದ್ದಳು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವನ ಮುಖವನ್ನು ತುಂಬಾ ಹೊತ್ತು ನೋಡಿ, "ಅಯ್ಯೋ, ಇಷ್ಟು ಮುದುಕರಾಗಿದೀರಾ? ಯಾರೂ ಹೇಳಲೇ ಇಲ್ಲ ನಂಗೆ" ಎಂದಿದ್ದಳು. ಈಗ ಬೀಜದ ಮಂಡಿಯಲ್ಲಿ ಕೂತು ಒಳ್ಳೆ ಬೀಜ ಕೆಟ್ಟ ಬೀಜ ಬೇರೆ ಮಾಡುವ ಕೆಲಸ ಅವಳಿಗೆ. ಕೆಟ್ಟದ್ದನ್ನು ಒಳ್ಳೆಯದರಿಂದ ಬೇರೆ ಮಾಡುವುದು ಮೂವತ್ತು ವರ್ಷ ಈ ಮನೆಯಲ್ಲಿ ಅವನ ಕೆಲಸವಾಗಿತ್ತು. ಅದಕ್ಕೆ ಅವನಿಗೆ ಯಾರೂ ದಿನಗೂಲಿ ಕೊಟ್ಟಿರಲಿಲ್ಲ.

ಹೇಗೆ ಶುರುವಾಯಿತು ಎನ್ನುವುದು ಅವನಿಗೆ ನಿನ್ನೆಯ ಹಾಗೆ ನೆನಪಿದೆ. ಬಡವರಿಗೆ ಕಾಳು ಮತ್ತು ಕಂಬಳಿ ಬಂದಿದೆ, ಹನ್ನೆರಡು ಮನೆಗೆ ಮಾತ್ರ, ಬಡವರು ಯಾರು ಅಂತ ಊರಲ್ಲಿ ಗೊತ್ತಿರುವವನೊಬ್ಬ ಪಟ್ಟಿ ಮಾಡಿಕೊಡಲಿ, ಎಂದು ಜೀಪಿನವರು ಕೇಳಿದಾಗ, ಮೂರನೇ ಕ್ಲಾಸು ಓದಿದವನು ಇವನು ಒಬ್ಬನೇ ಎದುರಿಗೆ ಸಿಕ್ಕಿದ್ದ. ಬಡವರನ್ನು ಗುರುತಿಸುವುದು ಹೇಗೆ ಎಂದು ಜೀಪಿನವರು ಹೇಳಿರಲಿಲ್ಲ. ಅವನೇ ಯೋಚನೆ ಮಾಡಿ ಕಂಡುಹಿಡಿದ. ಬಟ್ಟೆ ಸುಳ್ಳು ಹೇಳುತ್ತದೆ, ಮನೆಯ ಮಾಡು ಸುಳ್ಳು ಹೇಳುತ್ತದೆ, ಬಾಯಿಯಂತೂ ಸರಿಯೇ ಸರಿ. ಒಲೆಯ ಮೇಲಿನ ಪಾತ್ರೆ ಮಾತ್ರ ಸುಳ್ಳು ಹೇಳುವುದಿಲ್ಲ. ಹೇಳದೆ ಕೇಳದೆ ನಡುಮಧ್ಯಾಹ್ನ ಹೋಗಬೇಕು, ಸೀದಾ ಅಡುಗೆಮನೆಗೆ ನಡೆಯಬೇಕು, ಮುಚ್ಚಳ ಎತ್ತಬೇಕು. ಅಷ್ಟೇ. ಒಳಗೆ ಏನೂ ಇಲ್ಲದಿದ್ದರೆ ಹೆಸರಿನ ಮುಂದೆ ಒಂದು ಸರಿ ಗುರುತು, ಇದ್ದರೆ ಒಂದು ಅಡ್ಡಗೆರೆ. ಎಂಥ ನ್ಯಾಯ! ಅವನಿಗೆ ತನ್ನ ಬುದ್ಧಿಯ ಬಗ್ಗೆ ತಾನೇ ಬೆರಗಾಗಿತ್ತು. ಊರು ಅವನಿಗೆ ಮುಚ್ಚಳದಣ್ಣ ಎಂದು ಹೆಸರಿಟ್ಟಿತು, ಕೂದಲು ಬೆಳ್ಳಗಾದಮೇಲೆ ಮುಚ್ಚಳದಜ್ಜ. ಬೆನ್ನ ಹಿಂದೆ ಕರೆಯುತ್ತಾರೆ ಎಂದು ಗೊತ್ತಿದ್ದರೂ ಅವನಿಗೆ ಬೇಸರವಿರಲಿಲ್ಲ. ಬೆನ್ನ ಹಿಂದೆ ಏನೂ ಕರೆಯದಿರುವುದು ಎಷ್ಟು ಕಷ್ಟ ಎಂದು ಈಗ ಎರಡೂವರೆ ವರ್ಷದಿಂದ ಗೊತ್ತಾಗಿದೆ.

ಪ್ರತಿ ಸಲ ಜೀಪು ಬರುವ ಮುಂಚಿನ ವಾರ ಅವನ ಜಗಲಿ ತುಂಬುತ್ತಿತ್ತು. ಯಾರೂ ಕೂರುತ್ತಿರಲಿಲ್ಲ, ಅವನು ಕೂರಿ ಎನ್ನುತ್ತಲೂ ಇರಲಿಲ್ಲ. ಒಳಗೆ ಊಟ ಮಾಡುತ್ತಾ ಅವನು ಬಾಗಿಲ ಸಂದಿಯಿಂದ ಅವರ ಕೈಗಳನ್ನು ನೋಡುತ್ತಿದ್ದ. ಕಾಯುವವರ ಕೈ ವಿಚಿತ್ರ: ಕೆಲಸದಲ್ಲಿರುವಾಗ ಅಷ್ಟು ಚುರುಕಾಗಿರುವ ಕೈಗೆ ಇನ್ನೊಬ್ಬರ ಜಗಲಿಯಲ್ಲಿ ಇರಲು ಜಾಗವೇ ಸಿಗುವುದಿಲ್ಲ. ಒಬ್ಬ ಎದೆಯ ಮೇಲೆ ಕಟ್ಟಿಕೊಳ್ಳುತ್ತಾನೆ, ಅದು ಸೊಕ್ಕಿನ ಹಾಗೆ ಕಂಡೀತು ಎಂದು ಬಿಚ್ಚುತ್ತಾನೆ. ಹಿಂದೆ ಕಟ್ಟಿಕೊಳ್ಳುತ್ತಾನೆ, ಅದು ಯಜಮಾನನ ಹಾಗೆ ಎಂದು ಮುಂದೆ ತರುತ್ತಾನೆ. ಕಡೆಗೆ ಹೊಟ್ಟೆಯ ಮೇಲೆ ಒಂದರೊಳಗೊಂದು ಹಿಡಿದು ನಿಲ್ಲುತ್ತಾನೆ. ಅದನ್ನು ನೋಡಿ ಇವನಿಗೆ ಮರುಕ ಬರುತ್ತಿತ್ತು. ಮರುಕದಿಂದ ಊಟ ಇನ್ನಷ್ಟು ನಿಧಾನವಾಗುತ್ತಿತ್ತು. ಪಾಪ, ಇವರಿಗೊಂದು ಬೆಂಚು ಮಾಡಿಸಬೇಕು, ಎಂದು ಮೂವತ್ತು ವರ್ಷ ಅಂದುಕೊಂಡಿದ್ದ. ಕೈಯಲ್ಲಿ ಕಾಸಿರಲಿಲ್ಲ.

ಕಾಸು ಬಂದದ್ದು, ಪಟ್ಟಿಯೇ ಬೇಡ ಎಂದು ಅವರು ನಿರ್ಧಾರ ಮಾಡಿದಾಗ. ಬಡವರನ್ನು ಹುಡುಕುವ ಖರ್ಚು ಬಡವರಿಗೆ ಕೊಡುವುದಕ್ಕಿಂತ ಹೆಚ್ಚಾಗುತ್ತಿದೆ ಎಂದು ಮೇಲೆ ಯಾರೋ ಲೆಕ್ಕ ಹಾಕಿದರಂತೆ. ಅವನು ಪುಕ್ಕಟೆಯಾಗಿ ಹುಡುಕಿ ಕೊಡುತ್ತಿದ್ದದ್ದು ಆ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ಎರಡು ವರ್ಷ ಜೀಪು ಬರಲಿಲ್ಲ, ಕಾಳು ಇಲ್ಲ, ಕಂಬಳಿ ಇಲ್ಲ. ಆಮೇಲೆ ಒಂದು ದಿನ ಬಯಲಲ್ಲಿ ಕುರಿ ಕಾಯುತ್ತಿದ್ದವರ, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದವರ, ಇಟ್ಟಿಗೆ ಹೊರುತ್ತಿದ್ದವರ ಫೋನುಗಳೆಲ್ಲ ಟಿಣ್ ಎಂದವು. ದೊಡ್ಡಮನೆ ಒಂದನ್ನು ಬಿಟ್ಟು ಎಲ್ಲರಿಗೂ, ಗಂಡಸಿಗೆ ಹೆಂಗಸಿಗೆ ಒಂದೇ ಸಮ. ಯಾರೂ ಯಾರ ಮುಚ್ಚಳವನ್ನೂ ಎತ್ತಿರಲಿಲ್ಲ. ಅವನದೂ ಟಿಣ್ ಎಂದಿತು. ತಾನು ಬಡವನಾದದ್ದು ಯಾವಾಗ ಎಂದು ಅವನು ಆ ರಾತ್ರಿಯೆಲ್ಲ ಯೋಚಿಸಿ, ಇದು ಬಡವರ ಹಣವಲ್ಲ, ಮೂವತ್ತು ವರ್ಷದ ತನ್ನ ಸೇವೆಗೆ ತಡವಾಗಿ ಬಂದ ಸಂಭಾವನೆ, ನಾಚಿಕೆಯಿಂದ ಬಿಡಿಸಿ ಹೇಳಿಲ್ಲ ಅಷ್ಟೇ, ಎಂದು ಸಮಾಧಾನ ಮಾಡಿಕೊಂಡ. ಬೆಳಿಗ್ಗೆ ಎದ್ದು ಬೆಂಚು ಮಾಡಿಸಲು ಹೊರಟ. ಇಷ್ಟು ಜನಕ್ಕೆ ಹಣ ಬಂದಿದೆ ಎಂದರೆ ಇಷ್ಟು ಜನಕ್ಕೆ ಜಗಳ, ಅನುಮಾನ, ಸಲಹೆ ಇರುತ್ತದೆ. ಎಲ್ಲ ಅವನ ಹತ್ತಿರವೇ ಬರಬೇಕು. ಬರಲಿಲ್ಲ. ಜನಕ್ಕೆ ತಮಗೆ ಏನು ಬೇಕು ಎಂದು ಮೊದಲೇ ಗೊತ್ತಿದ್ದ ಹಾಗಿತ್ತು. ಇದು ಅವನನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿತು.

ಆದರೆ ನಿನ್ನೆ ಫೋನಿನಲ್ಲಿ ಒಬ್ಬಳು ಹುಡುಗಿ, "ಎರಡನೇ ಕಂತು ಬರೋ ಮುಂಚೆ ನಿಮ್ಮ ಅಭಿಪ್ರಾಯ ತಗೋಬೇಕು ಅಜ್ಜ, ನಾಳೆ ಮಧ್ಯಾಹ್ನ ಮನೇಲಿರಿ" ಎಂದಿದ್ದಳು. ಬರೋ ಮುಂಚೆ. ಅಂದರೆ ಇವನು ಬೇಡ ಎಂದರೆ ಬರುವುದಿಲ್ಲ. ಈ ಜನ ಹಣ ಹಾಳು ಮಾಡಿದರು, ಪಟ್ಟಿಯೇ ಸರಿಯಾಗಿತ್ತು, ಎಂದು ಒಂದು ಮಾತು ಹೇಳಿದರೆ ಸಾಕು. ಜೀಪು, ಕಂಬಳಿ, ಪೆನ್ಸಿಲ್ಲು, ಜಗಲಿ ತುಂಬ ಜನ. ಐದು, ಸಣಕಲಾದರೆ ಆರು.

ಸಾಕ್ಷಿ ಬೇಕಲ್ಲ. ಅವನು ಕೆಂಪು ಕಣ್ಣು ಮಿಟುಕಿಸುತ್ತಾ ಬೀದಿಗಿಳಿದ.

ಮೊದಲು ಸಿಕ್ಕಿದವನು ಗಾಡಿಯವನು. ಗಾಡಿಯವನು ಎಂಬುದು ಹಳೆಯ ಹೆಸರು, ಈಗ ಅವನು ಬಸ್ಸಿನಲ್ಲಿ ಟಿಕೆಟ್ಟು ಕೊಡುತ್ತಾನೆ. ಹಣ ಬಂದಾಗ ಅವನು ಮಾಡಿದ ಮೊದಲ ಕೆಲಸ ಮುಂದಿನ ನಾಲ್ಕು ಹಲ್ಲು ಕಟ್ಟಿಸಿಕೊಂಡದ್ದು. ಹಲ್ಲು! ಮಾಡು ಸೋರುವ ಮನೆಯವನು ಹಲ್ಲು ಕಟ್ಟಿಸಿಕೊಂಡ ಎಂದು ಮುಚ್ಚಳದಜ್ಜ, ಹಣ ಹಾಳು ಮಾಡಿದವರ ಲೆಕ್ಕಕ್ಕೆ, ಬಲಗೈಯ ಮೊದಲ ಗೆಣ್ಣನ್ನು ಅವತ್ತೇ ಮಡಚಿಟ್ಟಿದ್ದ.

"ಯಾಕಜ್ಜ, ಕಣ್ಣಲ್ಲಿ ನೀರು? ಮನೇಲಿ ಹೊಡೆದ್ರಾ?"

"ಖಾರ ಕಣೋ. ನಿನ್ನ ಹಲ್ಲು ಹೇಗಿದೆ?"

ಗಾಡಿಯವನು ಕೇಳಿದ್ದೇ ಸಾಕು ಎಂದು ಇಷ್ಟಗಲ ಬಾಯಿ ತೆರೆದು ತೋರಿಸಿದ. "ಮೊದಲು ನಾನು 'ಮುಂದೆ ಹೋಗಿ' ಅಂದ್ರೆ ಜನ ಹಿಂದೆ ನೋಡ್ತಿದ್ರು, ಬರೀ ಗಾಳಿ ಬರ್ತಿತ್ತು ಬಾಯಲ್ಲಿ. ಬಸ್ಸಿನ ಯಜಮಾನರು ಎರಡು ಸಲ ವಾಪಸ್ ಕಳಿಸಿದ್ರು, ಮಾತು ಅರ್ಥವಾಗಲ್ಲ ಅಂತ. ಈಗ ನೋಡಿ. ತಿಂಗಳ ಸಂಬಳ. ಮಾಡಿಗೂ ತಗಡು ಹಾಕಿಸ್ದೆ, ಸಂಬಳದಲ್ಲಿ."

ಮಡಚಿದ್ದ ಗೆಣ್ಣು ತಾನಾಗಿ ಬಿಚ್ಚಿಕೊಂಡಿತು. ಅಜ್ಜ ಅದನ್ನು ಮತ್ತೆ ಮಡಚಿದ. ಆದದ್ದು ಆಯಿತು, ಆದರೆ ಹಲ್ಲಿನಿಂದ ಕೆಲಸ ಸಿಗುತ್ತದೆ ಎಂದು ಅವನಿಗೇನು ಗೊತ್ತಿತ್ತು? ಕೊಂಡದ್ದು ಹಲ್ಲೇ. ಅವನು ಹಾಗೆ ತನ್ನೊಳಗೆ ವಾದಿಸುತ್ತಿರುವಾಗ ದೊಡ್ಡಮನೆಯವರ ಮೋಟಾರ್ ಸೈಕಲ್ಲು ಪಕ್ಕದಲ್ಲಿ ಬಂದು ನಿಂತಿತು. ಊರಿನ ಹೊಲದಲ್ಲಿ ಅರ್ಧ ಅವರದು; ಹಣ ಬಂದಮೇಲೆ ಅವರ ಮುಖ ಒಣಗಿದೆ.

"ಇವತ್ತು ಆಫೀಸಿನೋರು ನಿನ್ನ ಹತ್ರ ಬರ್ತಾರಂತೆ?" ಎಂದರು, ಇಳಿಯದೆ.

"ಹೂಂ. ಅಭಿಪ್ರಾಯ ಕೇಳೋಕೆ."

"ಹೇಳು ಮತ್ತೆ. ಜನ ಕೆಟ್ಟುಹೋದ್ರು ಅಂತ ಹೇಳು. ಬೆಳಿಗ್ಗೆ ಆರಕ್ಕೆ ಬನ್ರೋ ಅಂದ್ರೆ ಊಟ ಮಾಡ್ಕೊಂಡು ಬರ್ತೀವಿ ಅಂತಾರೆ. ಊಟ ಮಾಡ್ಕೊಂಡು! ನಮ್ಮಪ್ಪನ ಕಾಲದಲ್ಲಿ ಈ ಮಾತು ಕೇಳಿದ್ಯಾ? ಕೂಲಿ ಇಷ್ಟು ಅಂದ್ರೆ, ಯೋಚನೆ ಮಾಡ್ತೀವಿ ಅಂತಾರೆ. ಯೋಚನೆ! ಮಳೆ ಬರೋದ್ರೊಳಗೆ ಬಿತ್ತೋದು ನಾನೋ, ಇವರ ಯೋಚನೆಯೋ?"

"ಹೇಳ್ತೀನಿ."

"ನಿನ್ನ ಮಾತಿಗೆ ತೂಕ ಇದೆ ಕಣಪ್ಪ," ಎಂದು ಗಾಡಿ ಒದ್ದರು.

ತೂಕ ಎನ್ನುವ ಮಾತು ಅಜ್ಜನನ್ನು ಬೀದಿಯುದ್ದಕ್ಕೂ ಎತ್ತಿಕೊಂಡು ಹೋಯಿತು. ಬಾವಿ ತೋಡುವವನ ಮನೆಯ ಹೊಸ ಬಾಗಿಲು, ಒಳಗಿನಿಂದ ಚಿಲಕ ಇರುವುದು: ಎರಡನೇ ಗೆಣ್ಣು. ಹೆರಿಗೆ ನೋವು ಶುರುವಾಗುವುದಕ್ಕೆ ಎರಡು ದಿನ ಮೊದಲೇ ಬಾಡಿಗೆ ವ್ಯಾನಿನಲ್ಲಿ ಕೂತು ಆಸ್ಪತ್ರೆಗೆ ಹೋದ ಅವನ ಸೊಸೆ: ಮೂರು. ನೋವು ಬಂದಮೇಲೆ ಮಂಚದ ಮೇಲೆ ಹೊತ್ತು ಓಡುವುದನ್ನು ಅಜ್ಜ ನೋಡಿದ್ದ, ಅರ್ಧ ದಾರಿಯಿಂದ ಮಂಚವನ್ನು ನಿಧಾನವಾಗಿ ವಾಪಸು ತರುವುದನ್ನೂ ನೋಡಿದ್ದ. ಮೊದಲೇ ಹೋದವಳನ್ನು ನೋಡಿರಲಿಲ್ಲ. ತೆರೆದ ಬಾಗಿಲಲ್ಲಿ ಆ ಸೊಸೆ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಗು ಕಿರುಚುತ್ತಿತ್ತು, ಎಲ್ಲ ಶಕ್ತಿಯೂ ಇರುವ ಮಗುವಿನ ಹಾಗೆ. ಅಜ್ಜ ಮೂರನೇ ಗೆಣ್ಣನ್ನು ಯಾಕೋ ಬಿಚ್ಚಿ ಕೈಯನ್ನು ಜೇಬಿಗೆ ಹಾಕಿಕೊಂಡ.

ಇನ್ನು ಉಳಿದದ್ದು ಚಾಪೆಯಕ್ಕನ ಮನೆ. ಕಾಲುಗಳು ಅಲ್ಲಿ ಯಾವಾಗಲೂ ಬೀದಿಯ ಆಚೆ ಮಗ್ಗುಲಿಗೆ ಹೋಗುತ್ತವೆ. ಇಪ್ಪತ್ತೆಂಟು ವರ್ಷದಿಂದ ಹಾಗೇ. ಆಗ ಗಂಡ ಸತ್ತು ಎರಡು ತಿಂಗಳಾಗಿತ್ತು ಅವಳಿಗೆ, ಎರಡು ಮಕ್ಕಳು, ಮನೆಯಲ್ಲಿ ಚಾಪೆ ಹೆಣೆಯುವ ಜೊಂಡು ಬಿಟ್ಟರೆ ಬೇರೇನಿಲ್ಲ. ಅವಳು ಒಂದು ದಿನವೂ ಬಂದು ಜಗಲಿಯಲ್ಲಿ ನಿಂತಿರಲಿಲ್ಲ. ಅವನು ಆ ದಿನ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು ಮೊದಲು ಅವಳ ಪಕ್ಕದ ಮನೆಗೆ ಹೋದ. ಅಲ್ಲಿ ಒಲೆಯ ಮೇಲೊಂದು ತಪ್ಪಲೆ. ಅದರ ಮುಚ್ಚಳದ ಹಿಡಿ ಮುರಿದುಹೋಗಿ, ಅದರ ಬದಲು ದಾರ ಸುತ್ತುವ ಮರದ ರೀಲೊಂದನ್ನು ತಂತಿಯಿಂದ ಬಿಗಿದಿದ್ದರು. ಎತ್ತಿ ನೋಡಿದ, ಕಾಳು, ಗೆಣಸು. ಅಡ್ಡಗೆರೆ. ಆಮೇಲೆ ಇನ್ನೆರಡು ಮನೆ ಸುತ್ತಿ ಚಾಪೆಯವಳ ಮನೆಗೆ ಬಂದರೆ, ಒಲೆಯ ಮೇಲೆ ಅದೇ ತಪ್ಪಲೆ, ಅದೇ ಮರದ ರೀಲು. ಉಳಿದ ಮನೆಗಳಲ್ಲಿ ಅವನನ್ನು ಕಂಡೊಡನೆ ಹೆಂಗಸರು ಅಳುತ್ತಿದ್ದರು, ಗಂಡಸರು ಕೆಮ್ಮುತ್ತಿದ್ದರು, ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು. ಇವಳು ಒಂದು ಹೊಸ ಚಾಪೆ ಬಿಡಿಸಿ, "ಬನ್ನಿ ಅಣ್ಣಾ, ಹೊತ್ತಾಗಿದೆ, ಊಟ ಮಾಡ್ಕೊಂಡು ಹೋಗಿ" ಎಂದಳು. ಮನೆಗೆ ಹಿರಿಯರು ಬರುವಾಗ ಒಲೆ ತಣ್ಣಗಿರಬಾರದು ಎಂದು ಪಕ್ಕದ ಮನೆಯ ತಪ್ಪಲೆಯನ್ನೇ ಇಸಿದುಕೊಂಡು ಬಂದಿದ್ದಳು. ಅವನಿಗೆ ಗೊತ್ತಾಯಿತು. ಮುಚ್ಚಳ ಕೈಯಲ್ಲಿರುವಾಗಲೇ ಗೊತ್ತಾಯಿತು. ಗೊತ್ತಾಗಿಯೂ ಕೂತ. ಬಡವರಾದವರು ಬಡವರ ಹಾಗಿರಬೇಕು, ಇವಳೇನು ನನಗೆ ಉಪಚಾರ ಮಾಡುವುದು, ಎಂಬ ಒಂದು ಸಿಟ್ಟಿತ್ತು, ಹಸಿವೂ ಇತ್ತು. ಮಕ್ಕಳಿಬ್ಬರು ಗೋಡೆಗೆ ಒರಗಿ ಅವನ ತಟ್ಟೆಯನ್ನೇ ನೋಡುತ್ತಿದ್ದರು. ಊಟ ಮಾಡಿ, ಕೈ ತೊಳೆದು, ಹೊರಗೆ ಬಂದು, ಪೆನ್ಸಿಲ್ಲನ್ನು ನಾಲಿಗೆಗೆ ಒತ್ತಿ, ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆದ. ಪಾತ್ರೆ ಸುಳ್ಳು ಹೇಳುವುದಿಲ್ಲ. ಆ ಚಳಿಗಾಲಕ್ಕೆ ಅವಳ ದೊಡ್ಡ ಹುಡುಗಿ, ಒಂಬತ್ತು ವರ್ಷದ್ದು, ಪೇಟೆಯಲ್ಲಿ ಯಾರದೋ ಮನೆಯ ನೆಲ ಒರೆಸಲು ಹೋಯಿತು. ಹೊರಟ ದಿನ ಅವನ ಜಗಲಿಯ ಮುಂದೆಯೇ ಹೋದದ್ದು, ಅಮ್ಮನ ಕೈ ಹಿಡಿದು. ಅವನು ಒಳಗೆ ಊಟ ಮಾಡುತ್ತಿದ್ದ.

ಇಂದು ಅವಳ ಬಾಗಿಲಲ್ಲಿ ಚಾಪೆಯ ವ್ಯಾಪಾರಿ ನಿಂತಿದ್ದ, ಜೊತೆಗೆ ಇನ್ನಿಬ್ಬರು ಗಿರಾಕಿಗಳು. ಇದೂ ಒಂದು ವಿಚಿತ್ರ. ಇಷ್ಟು ವರ್ಷ ಅವಳು ಪೇಟೆಗೆ ಹೋಗಿ ಈ ವ್ಯಾಪಾರಿಯ ಅಂಗಡಿ ಮುಂದೆ ನಿಂತು, ಅವನು ಕೊಟ್ಟ ಜೊಂಡಿಗೆ ಅವನು ಹೇಳಿದ ಬೆಲೆಗೆ ಹೆಣೆದು ಕೊಡುತ್ತಿದ್ದಳು. ಹಣ ಬಂದಾಗ ಅವಳು ಬೇಸಿಗೆಯಲ್ಲೇ ಒಂದು ಗಾಡಿ ಜೊಂಡು ತರಿಸಿ ಮನೆ ತುಂಬಿಸಿಬಿಟ್ಟಳು. ಹೆಣೆದ ಚಾಪೆಗಳನ್ನು ಮಾರದೆ ಇಟ್ಟುಕೊಂಡಳು. ಎಂಥ ದಡ್ಡಿ ಎಂದುಕೊಂಡಿದ್ದ ಅಜ್ಜ. ಈಗ ಪೇಟೆಯಲ್ಲಿ ಜೊಂಡು ಸಿಗದೆ ವ್ಯಾಪಾರಿ ತಾನೇ ಬಂದು ಬಿಸಿಲಲ್ಲಿ ನಿಂತಿದ್ದಾನೆ, ಕೈಗಳನ್ನು ಹೊಟ್ಟೆಯ ಮೇಲೆ ಒಂದರೊಳಗೊಂದು ಹಿಡಿದು. ಅವಳು ಒಳಗೆ ಹೆಣೆಯುತ್ತಾ, "ಈ ಅಂಚು ಮುಗೀಲಿ, ಬರ್ತೀನಿ" ಎನ್ನುತ್ತಿದ್ದಾಳೆ.

"ಅಣ್ಣಾ," ಎಂದು ಅವಳೇ ಕರೆದಳು, ಆಚೆ ಮಗ್ಗುಲಲ್ಲಿ ಸರಿದುಹೋಗುತ್ತಿದ್ದವನನ್ನು. "ಮನೆಗೆ ಯಾರೋ ಬರ್ತಾರಂತೆ?"

"ಹೂಂ. ಆಫೀಸಿನೋರು. ಅಭಿಪ್ರಾಯ ಕೇಳೋಕೆ."

"ಅತ್ತಿಗೆ ಮಂಡಿಗೆ ಹೋಗಿದಾರಲ್ಲ, ಒಲೆ ಹಚ್ಚಿದೀರಾ?"

ಅವನ ಮನೆಯಲ್ಲಿ ಒಲೆ ಹಚ್ಚುವುದು ಸಂಜೆ ಒಂದೇ ಹೊತ್ತು, ಅದು ಯಾರಿಗೂ ಗೊತ್ತಿಲ್ಲ ಎಂದು ಅವನ ನಂಬಿಕೆ. ಅವಳು ಎದ್ದು ಒಳಗೆ ಹೋಗಿ, ಬಟ್ಟೆಯಲ್ಲಿ ಹಿಡಿದು ಒಂದು ಬಿಸಿ ತಪ್ಪಲೆ ತಂದು ಅವನ ಕೈಗಿಟ್ಟಳು. "ತಗೊಂಡು ಹೋಗಿ. ಬಂದೋರ ಎದುರು ಒಲೆ ತಣ್ಣಗಿರಬಾರದು. ಆಮೇಲೆ ಬಂದು ಪಾತ್ರೆ ಇಸ್ಕೋತೀನಿ."

ನಾಲ್ಕು ಹೆಜ್ಜೆ ಹೋದಮೇಲೆ ಅವನು ಮುಚ್ಚಳ ನೋಡಿದ. ಮರದ ರೀಲು. ಪಕ್ಕದ ಮನೆಯವರು ಊರು ಬಿಡುವಾಗ ಅವಳಿಗೇ ಬಿಟ್ಟುಹೋಗಿದ್ದರೋ ಏನೋ. ವಾಪಸು ಹೋಗಿ ಕೊಟ್ಟುಬಿಡಬೇಕು ಎನಿಸಿತು. ಆದರೆ ಎರಡು ಕೈಯಲ್ಲಿ ಬಿಸಿ ಪಾತ್ರೆ ಹಿಡಿದವನು ವಾದ ಮಾಡಲಾರ, ಮನೆಯ ಕಡೆ ಬೇಗ ನಡೆಯಬಲ್ಲ ಅಷ್ಟೇ. ದಾರಿಯಲ್ಲಿ ನೋಡಿದವರೆಲ್ಲ ಅಜ್ಜ ಅಳುತ್ತಾ ಊಟ ಹೊತ್ತುಕೊಂಡು ಹೋಗುತ್ತಿದ್ದಾನೆ ಎಂದುಕೊಂಡರು.

ಸರ್ವೆ ಹುಡುಗಿ ಹೇಳಿದ ಹೊತ್ತಿಗೆ ಬಂದಳು. ಇಪ್ಪತ್ತೈದು ಇರಬಹುದು, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಸ್ಲೇಟಿನಂಥ ಒಂದು ಯಂತ್ರ. ಬೆಂಚಿನ ಮೇಲೆ ಕೂತಳು. ಏಳು ತಿಂಗಳಲ್ಲಿ ಮೊದಲ ಸಲ ಅದರ ಮೇಲೆ ಇನ್ನೊಬ್ಬರು ಕೂತಿದ್ದರು. ಹೆಂಚಿನ ಚೂರು ಜಾರಿ ಬೆಂಚು ಒಮ್ಮೆ ಕುಲುಕಿತು. ಅವನು ತನ್ನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಗಂಟಲು ಸರಿಮಾಡಿಕೊಂಡ. ಮಡಚಿದ ಗೆಣ್ಣುಗಳು ಸಿದ್ಧವಾಗಿದ್ದವು.

"ಮನೇಲಿ ಎಷ್ಟು ಜನ ಅಜ್ಜ?"

"ಇಬ್ಬರು. ಊರಲ್ಲಿ ಕೇಳ್ತೀಯಾದ್ರೆ..."

"ಮನೇಲಿ ಮಾತ್ರ. ನಿನ್ನೆ ಎಷ್ಟು ಸಲ ಊಟ ಮಾಡಿದ್ರಿ?"

ಅವನು ಅವಳನ್ನು ನೋಡಿದ. ಈ ಪ್ರಶ್ನೆಯನ್ನು ಅವನು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಾರೆ ಎಂದು ತಾನೇ ಮುಚ್ಚಳ ಎತ್ತುತ್ತಿದ್ದದ್ದು. "ಎರಡು," ಎಂದ. ಅವಳು ಬೆರಳಿನಿಂದ ಏನೋ ಒತ್ತಿದಳು, ಎದ್ದು ಅಡುಗೆಮನೆಗೆ ಹೋಗಲಿಲ್ಲ. ಅವನಿಗೆ ಅವಳು ಕೆಲಸದಲ್ಲಿ ಮೋಸ ಮಾಡುತ್ತಿದ್ದಾಳೆ ಎನಿಸಿತು.

"ಒಳಗೆ ನೋಡಲ್ವಾ?"

"ನೀವು ಹೇಳಿದ್ರೆ ಸಾಕಲ್ಲ ಅಜ್ಜ."

ಹೇಳಿದರೆ ಸಾಕು. ಮೂವತ್ತು ವರ್ಷ. ಎಷ್ಟು ಅಡುಗೆಮನೆ, ಎಷ್ಟು ಮಸಿ ಹಿಡಿದ ಮುಚ್ಚಳ. "ಬಂದ ಹಣದಲ್ಲಿ ಏನು ಮಾಡಿದ್ರಿ?" ಎಂದು ಅವಳು ಕೇಳಿದಾಗ ಅವನು ಮಾಡು ರಿಪೇರಿ ಎಂದ. ಅವಳು ತಲೆಯೆತ್ತಿ ಮಾಡು ನೋಡಿದಳು. ತೂತಿನಿಂದ ಬಿದ್ದ ಬಿಸಿಲಿನ ಒಂದು ಬಿಲ್ಲೆ ಅವಳ ಹಣೆಯ ಮೇಲೆ ಕೂತಿತ್ತು. "ಬೆಂಚು," ಎಂದ ಅವನು. ಅವಳು ನಗಲಿಲ್ಲ. "ಯಾರಿಗೆ?" ಎಂದೂ ಕೇಳಲಿಲ್ಲ. ಪೀಠೋಪಕರಣ ಎಂದು ಗೊಣಗಿಕೊಂಡು ಒತ್ತಿದಳು. ಹಾಳು ಮಾಡಿದ್ದು, ಸರಿ ಮಾಡಿದ್ದು ಎಂದು ಎರಡು ಖಾನೆ ಅದರಲ್ಲಿ ಇದ್ದ ಹಾಗೆ ಕಾಣಲಿಲ್ಲ.

"ಕೊನೇ ಪ್ರಶ್ನೆ ಅಜ್ಜ."

ಬಂತು. ಅವನು ಕುರ್ಚಿಯ ತುದಿಗೆ ಸರಿದ. ಹಲ್ಲು, ಚಿಲಕ, ದೊಡ್ಡಮನೆಯವರ ಹೊಲ, ತೂಕ.

"ಈ ಹಣಕ್ಕೋಸ್ಕರ ಯಾರನ್ನಾದ್ರೂ ಬೇಡಬೇಕಾಯ್ತಾ? ಯಾರ ಮನೆ ಬಾಗಿಲಲ್ಲಾದ್ರೂ ಕಾಯಬೇಕಾಯ್ತಾ?"

ಬೀದಿಯಲ್ಲಿ ಯಾವುದೋ ಹೇಂಟೆ ಕೂಗುತ್ತಿತ್ತು. ಅವನಿಗೆ ಆ ಬೀದಿಯೆಲ್ಲ ತನ್ನ ಉತ್ತರಕ್ಕೆ ನಿಂತ ಹಾಗೆ ಕಂಡಿತು, ಆದರೆ ನಿಂತದ್ದು ಹೇಂಟೆ ಮಾತ್ರ. "ಇಲ್ಲ," ಎಂದ. ಆ ಮಧ್ಯಾಹ್ನ ಅವನು ತಡವರಿಸದೆ ಹೇಳಿದ ಮಾತು ಅದೊಂದೇ.

"ಅಷ್ಟೇ ಅಜ್ಜ, ಮುಗೀತು."

"ಬೇರೆಯವರ ಬಗ್ಗೆ? ಊರಿನ ಬಗ್ಗೆ ಕೇಳಲ್ವಾ? ಎರಡನೇ ಕಂತು ಕೊಡಬೇಕೋ ಬೇಡವೋ ಅಂತ?"

"ಅದು ಮುಂದಿನ ವಾರ ಬರುತ್ತೆ, ಆಗಲೇ ತೀರ್ಮಾನ ಆಗಿದೆ. ಅವರವರ ಬಗ್ಗೆ ಅವರವರನ್ನೇ ಕೇಳ್ತೀವಿ. ನಿಮ್ಮದು ಮೂವತ್ತೊಂದನೇ ಮನೆ."

ಮೂವತ್ತೊಂದು. ತನಗಿಂತ ಮೊದಲು ಮೂವತ್ತು ಅಭಿಪ್ರಾಯಗಳು. ಅವಳು ಯಂತ್ರವನ್ನು ಚೀಲಕ್ಕೆ ಹಾಕುತ್ತಿದ್ದಳು. ಅವಳು ಹೀಗೆ ಎದ್ದು ಹೋದರೆ ಬೆಂಚು ಮತ್ತೆ ಮೆಣಸಿನಕಾಯಿಯದು ಎಂಬ ಒಂದು ಹೆದರಿಕೆ ಅವನನ್ನು ಎಬ್ಬಿಸಿ ನಿಲ್ಲಿಸಿತು. "ಹೊತ್ತಾಗಿದೆ, ಊಟ ಮಾಡ್ಕೊಂಡು ಹೋಗಮ್ಮ," ಎಂದ. ಹೇಳಿದಮೇಲೆ ಆ ಮಾತು ಯಾರದು ಎಂದು ಕಿವಿಗೆ ಕೇಳಿಸಿತು.

"ಬೇಡಜ್ಜ. ನಾವು ಹೋದ ಮನೇಲಿ ಊಟ ಮಾಡೋ ಹಾಗಿಲ್ಲ. ನಿಯಮ."

"ಯಾವತ್ತಿಂದ ಆ ನಿಯಮ?"

"ಯಾವತ್ತಿಂದಲೋ. ನಾನು ಸೇರಿದಾಗಿಂದ ಇದೆ." ಅವಳು ಬಾಗಿ ಹೆಂಚಿನ ಚೂರನ್ನು ಮತ್ತೆ ಕಾಲಿನ ಕೆಳಗೆ ಸರಿಸಿಟ್ಟಳು. "ಕಣ್ಣಿಗೆ ತಣ್ಣೀರು ಹಾಕ್ಕೊಳ್ಳಿ ಅಜ್ಜ," ಎಂದು ಮೂವತ್ತೆರಡನೇ ಮನೆಗೆ ಹೋದಳು.

ಚಾಪೆಯಕ್ಕ ಬಂದಾಗ ಅವನು ತಪ್ಪಲೆಯನ್ನು ಬೆಂಚಿನ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಯಲ್ಲಿ ಕೂತಿದ್ದ. ಅವಳು ಮುಚ್ಚಳ ಎತ್ತಿದಳು.

"ಮುಟ್ಟೇ ಇಲ್ವಲ್ಲ!"

"ಅವಳಿಗೆ ನಿಯಮ ಇದೆಯಂತೆ."

"ನಿಮಗೇನಿತ್ತು?"

ಅವನು ರೀಲನ್ನು ನೋಡುತ್ತಾ, "ಅವತ್ತು ಈ ಪಾತ್ರೆ ಪಕ್ಕದ ಮನೆಯದು ಅಂತ ನಂಗೆ ಗೊತ್ತಿತ್ತು," ಎಂದ. ಇಪ್ಪತ್ತೆಂಟು ವರ್ಷ ಬಾಯಿಯೊಳಗಿದ್ದ ಮಾತು, ಹೊರಗೆ ಬಂದಾಗ ಇಷ್ಟೇ ಇಷ್ಟಿತ್ತು.

"ನಿಮಗೆ ಗೊತ್ತು ಅಂತ ನಂಗೂ ಗೊತ್ತಿತ್ತು," ಎಂದಳು ಅವಳು. "ಮುಚ್ಚಳ ಹಿಡ್ಕೊಂಡು ಹಾಗೇ ನಿಂತುಬಿಟ್ರಲ್ಲ ಒಂದು ಗಳಿಗೆ. ಗೊತ್ತಾಯ್ತು, ಬರ್ಕೋತಾರೆ ಬಿಡು ಅಂದ್ಕೊಂಡೆ. ಆಮೇಲೆ ಇನ್ನೊಂದು ಸಲ ಹಾಕಿಸ್ಕೊಂಡ್ರಿ."

ಇನ್ನೊಂದು ಸಲ. ಅದು ಅವನಿಗೆ ನೆನಪಿರಲಿಲ್ಲ. ಎಲ್ಲ ನೆನಪಿದೆ ಎಂದುಕೊಂಡಿದ್ದ, ಮಕ್ಕಳು ಗೋಡೆಗೊರಗಿದ್ದು, ಪೆನ್ಸಿಲ್ಲಿನ ರುಚಿ. ಎರಡನೇ ಸೌಟು ಮಾತ್ರ ಎಲ್ಲೋ ಬಿಟ್ಟುಹೋಗಿತ್ತು. ಕ್ಷಮಿಸು ಎಂಬ ಮಾತು ಇರುತ್ತದೆ ಎಂದು ಗೊತ್ತಿತ್ತು, ಅದನ್ನು ಕೇಳಿಸಿಕೊಂಡು ಅಭ್ಯಾಸವೇ ಹೊರತು ಹೇಳಿ ಅಭ್ಯಾಸವಿರಲಿಲ್ಲ. ಅವಳೂ ಅದಕ್ಕಾಗಿ ನಿಂತಿರಲಿಲ್ಲ. ಅವಳು ಬೆಂಚಿನ ಉದ್ದವನ್ನು ಗೇಣಿನಲ್ಲಿ ಅಳೆಯುತ್ತಿದ್ದಳು.

"ಇದು ಏನಕ್ಕೆ ಇಟ್ಕೊಂಡಿದೀರಾ?"

"ಬಂದೋರು ಕಾಯೋಕೆ."

"ಇಲ್ಲಿ ಯಾರು ಬರ್ತಾರೆ? ನಮ್ಮನೇಲಿ ಮೂರು ಜನ ಆಗಿಂದ ನಿಂತಿದಾರೆ, ಕೂರಿಸೋಕೆ ಒಂದು ಮಣೆ ಇಲ್ಲ ನನ್ಹತ್ರ. ಕೊಡಿ ಇದನ್ನ."

ಅವನು ಬೆಲೆ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅವಳು ಮುಂದಿನ ತುದಿ ಹಿಡಿದಳು, ಹಿಂದಿನ ತುದಿ ಅವನಿಗೆ ಬಂತು. ತಪ್ಪಲೆ ಬೆಂಚಿನ ನಡುವೆ ಕೂತಿತು. ಬೀದಿಯಲ್ಲಿ ಹೋಗುವಾಗ ಗಾಡಿಯವನು ಹೊಸ ಹಲ್ಲುಗಳನ್ನೆಲ್ಲ ತೋರಿಸುತ್ತಾ, "ಅಜ್ಜ, ಮುಂದೆ ಹೋಗಿ, ಮುಂದೆ ಹೋಗಿ!" ಎಂದು ಕೂಗಿದ. ಬಾವಿ ತೋಡುವವನ ಸೊಸೆ ನಕ್ಕಳು. ಮುಚ್ಚಳ ಹೆಜ್ಜೆಹೆಜ್ಜೆಗೂ ಕಟಕಟ ಎನ್ನುತ್ತಿತ್ತು. ಅದು ಬೀಳದ ಹಾಗೆ ನೋಡಿಕೊಳ್ಳುವುದಕ್ಕೇ ಅವನ ಗಮನವೆಲ್ಲ ಹೋಗಿ, ದೊಡ್ಡಮನೆಯವರ ಮೋಟಾರ್ ಸೈಕಲ್ಲು ಪಕ್ಕದಲ್ಲಿ ಬಂದು, ನಿಂತು, "ಹೇಳಿದ್ಯಾ?" ಎಂದದ್ದು ಅವನಿಗೆ ಸರಿಯಾಗಿ ಕೇಳಿಸಲಿಲ್ಲ.

ಅವಳ ಬಾಗಿಲಲ್ಲಿ ಬೆಂಚು ಇಳಿಸಿದೊಡನೆ ವ್ಯಾಪಾರಿ ಕೂತ, ಗಿರಾಕಿಗಳಿಬ್ಬರು ಕೂತರು. ಮೂವರೂ ಸಣಕಲು ಜನವಲ್ಲ, ಬೆಂಚು ತುಂಬಿತು. ಅವಳು ತಪ್ಪಲೆ ಎತ್ತಿಕೊಂಡು ಒಳಗೆ ಹೋಗುತ್ತಾ, "ತಣ್ಣಗಾಗಿದೆ. ಇವರದು ಮುಗಿಸಿ ಬಿಸಿ ಮಾಡಿ ಕೊಡ್ತೀನಿ, ಸ್ವಲ್ಪ ಕಾಯಿರಿ ಅಣ್ಣಾ," ಎಂದಳು.

ಅವನು ನಿಂತ. ಕೈಗಳನ್ನು ಎದೆಯ ಮೇಲೆ ಕಟ್ಟಿದ, ಬಿಚ್ಚಿದ. ಹಿಂದಕ್ಕೆ ಕೊಂಡೊಯ್ದ, ಮತ್ತೆ ಮುಂದಕ್ಕೆ ತಂದ. ಒಳಗಿನಿಂದ ಒಲೆ ಊದುವ ಸದ್ದು ಬರುತ್ತಿತ್ತು.